ಜೇಬಿನ ಮೂರು ಕಾಯಿ

ಹಿಂಡಿ ನೆನೆಸಿದ ವಾಸನೆ ನನಗೆ ಆಗಿಬರಲ್ಲ. ಎಣ್ಣೆ ಮಿಲ್ಲಿನವರ ಮನೆಯಲ್ಲಿ ಹುಟ್ಟಿ, ಮಿಲ್ಲಿನ ಕುರ್ಚಿಯಲ್ಲೇ ತಲೆ ನರೆಸಿಕೊಂಡವಳು ಹೀಗಂದರೆ ಚಳ್ಳಕೆರೆಯಲ್ಲಿ ಯಾರೂ ನಂಬಲ್ಲ. ನಂಬದಿದ್ದರೆ ಬಿಡಲಿ. ಹೋದ ವಾರ ಬಿ.ಜಿ. ಕೆರೆಗೆ ಹೋಗಿದ್ದೆ. ಬಸ್ಸಿಳಿದು ಓಣಿ ಹಿಡಿದು ನಾಲ್ಕು ಹೆಜ್ಜೆ ಹಾಕಿಲ್ಲ, ಯಾರದೋ ಮನೆ ಮುಂದೆ ಬಕೆಟ್ಟಿನಲ್ಲಿ ಶೇಂಗಾ ಹಿಂಡಿ ನೆನೆಹಾಕಿದ್ದರು. ಬಿಸಿಲಿಗೆ ಆ ವಾಸನೆ ಎದ್ದು ಮೂಗಿಗೆ ಬಡಿಯಿತು. ಹಿಂಡಿ ಚೆನ್ನಾಗಿಯೇ ಇತ್ತು, ಅದರ ತಪ್ಪೇನಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅಲ್ಲೇ ಜಗಲಿ ಮೇಲೆ ಕೂತುಬಿಟ್ಟೆ.

ಮನೆಯಾಕೆ ಹೊರಗೆ ಬಂದು, "ಯಾಕ್ರಕ್ಕಾ, ಬಿಸಿಲು ಬಡೀತಾ? ನೀರು ಕೊಡ್ಲಾ?" ಅಂದಳು. ಕೊಟ್ಟಳು, ಕುಡಿದೆ. ಯಾರ ಮನೆಗೆ ಹೋಗಬೇಕಿತ್ತು ಅಂತ ಕೇಳಿದಳು. ತಿಪ್ಪಮ್ಮನ ಮನೆಗೆ ಅಂದೆ.

"ಎಮ್ಮೆ ತಿಪ್ಪಮ್ಮನಾ?" ಅಂದವಳು ನಾಲಿಗೆ ಕಚ್ಚಿಕೊಂಡಳು. "ಈಗ ಎಮ್ಮೆ ಇಲ್ಲ ಬಿಡ್ರಿ. ಹೆಸರೊಂದು ಉಳಕಂಡೈತೆ."

ಆ ಎಮ್ಮೆಗಳು ಯಾಕಿಲ್ಲ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಅದನ್ನು ಹೇಳೋಕೇ ಹೊರಟಿದ್ದೆ. ಎರಡು ವರ್ಷ ತಡವಾಗಿ.

ಎರಡು ವರ್ಷದ ಹಿಂದಿನ ಶೇಂಗಾ ಸುಗ್ಗಿ ಅದು. ಆಗ ನಮ್ಮ ಮಿಲ್ಲಿನಲ್ಲಿ ಮಾಲು ನೋಡುತ್ತಿದ್ದವನು ಪಾಲಯ್ಯ, ನನಗೆ ಪಾಲಣ್ಣ. ಮೊಳಕಾಲ್ಮೂರಿನ ಆಚೆ, ಆಂಧ್ರದ ಗಡಿ ಹತ್ತಿರದ ಊರಿನವನು. ಮನೆಯಲ್ಲಿ ತೆಲುಗು, ಮಿಲ್ಲಿನಲ್ಲಿ ಕನ್ನಡ. ನನ್ನ ಅಪ್ಪ ಮಿಲ್ಲು ಹಾಕಿದಾಗ ಬಂದವನು. ನಾನು ಲಂಗ ಹಾಕಿಕೊಂಡು ಶೇಂಗಾ ರಾಶಿ ಮೇಲೆ ಜಾರುತ್ತಿದ್ದ ಕಾಲದಿಂದ ಅವನು ಹಾಗೇ ಇದ್ದ: ಬಿಳಿ ಅಂಗಿ, ಎದೆ ಮೇಲೊಂದು ದೊಡ್ಡ ಜೇಬು, ಹೆಗಲ ಮೇಲೆ ಟವೆಲ್ಲು.

ಚೀಲ ಬಂದರೆ ಬಾಯಿ ಬಿಚ್ಚಿ ಮೊಳಕೈವರೆಗೂ ಕೈ ಇಳಿಸುತ್ತಿದ್ದ. ತಳದಿಂದ ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದ. ಒಣಗಿದ್ದರೆ ಒಳಗೆ ಕಾಳು ಗಲಗಲ ಅನ್ನುತ್ತದೆ. ಆಮೇಲೆ ಒಡೆದು ಮೂಗಿಗೆ ಹಿಡಿಯುತ್ತಿದ್ದ. ಕಡೆಗೆ ಒಂದು ಕಾಳು ಹಲ್ಲಿಗೆ. ಇದೆಲ್ಲ ಮಾಡುವಾಗ ಮಾತಿಲ್ಲ. ಮಾಲು ಸರಿಯಿದ್ದರೆ ಚೀಲದ ಮೇಲೆ ಅಂಗೈಯಿಂದ ಒಂದು ಏಟು ಹಾಕಿ ಮುಂದಕ್ಕೆ ಹೋಗುತ್ತಿದ್ದ. ಸರಿಯಿಲ್ಲದಿದ್ದರೂ ಮಾತಿಲ್ಲ. ಅದೇ ಚೀಲದಿಂದ ಮೂರು ಕಾಯಿ ತೆಗೆದು ಜೇಬಿಗೆ ಹಾಕಿಕೊಂಡು, ಏನೂ ಆಗದವನ ಹಾಗೆ ಆಫೀಸಿಗೆ ಬಂದು, ಅಪ್ಪನ ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಅಷ್ಟು ಜನ ರೈತರು ಸಾಲಾಗಿ ನಿಂತಿರುವಾಗ ಒಬ್ಬನಿಗೆ "ನಿನ್ನ ಮಾಲು ಕೆಟ್ಟೈತೆ" ಅನ್ನೋದು ಅವನಿಂದ ಆಗುತ್ತಿರಲಿಲ್ಲ. ಅಪ್ಪ ಆ ರೈತನನ್ನು ಒಳಗೆ ಕರೆದು ಮಜ್ಜಿಗೆ ಕೊಟ್ಟು, ನಿಧಾನಕ್ಕೆ ಹೇಳುತ್ತಿದ್ದರು. ಯಾಕೆ ಬೇಡ ಅಂತ ಪಾಲಣ್ಣನನ್ನು ಅಪ್ಪ ಕೇಳಿದ್ದು ನಾನು ನೋಡಿಲ್ಲ. ಮೂರು ಕಾಯಿ ಬಂದವು ಅಂದರೆ ಮುಗೀತು.

ಸುತ್ತಲ ಊರಿನವರು ಹಿಂಡಿ ಕೊಳ್ಳೋಕೆ ಬಂದಾಗ, "ಪಾಲಯ್ಯ ನೋಡಿರೋ ಶೇಂಗಾದ್ದೇ ತಾನೇ?" ಅಂತ ಕೇಳಿಯೇ ಚೀಲಕ್ಕೆ ಕೈ ಹಾಕುತ್ತಿದ್ದರು. ಅವನಿಗೆ ಇದ್ದ ಆಸ್ತಿ ಅಂದರೆ ಅದೊಂದೇ.

ಅಪ್ಪ ತೀರಿಕೊಂಡ ಮೇಲೆ ಮಿಲ್ಲು ಚಿಕ್ಕಪ್ಪನ ಕೈಗೆ ಬಂತು, ಅಪ್ಪನ ಕುರ್ಚಿ ನನ್ನ ಕೈಗೆ. ಚಿಕ್ಕಪ್ಪನಿಗೆ ಹೊಸದು ಅಂದರೆ ಹುಚ್ಚು. "ಇಲ್ಲೇ ಪಕ್ಕದ ಕುದಾಪುರದಾಗೆ ವಿಜ್ಞಾನಿಗಳು ರಾಕೆಟ್ಟಿಗೆ ತಲೆ ಕೆಡಿಸ್ಕಂತಾರೆ, ನಾವು ಶೇಂಗಾಕ್ಕೊಂದು ಕ್ಯಾಮೆರಾ ಇಡಾಕಾಗಲ್ವೇನೇ ಗಿರಿಜಾ?" ಅಂದರು. ಇಟ್ಟೇಬಿಟ್ಟೆವು. ಬೆಲ್ಟಿನ ಮೇಲೆ ಕಾಯಿ ಹರಿಯುವಾಗ ಮೇಲಿಂದ ಕ್ಯಾಮೆರಾ ನೋಡುತ್ತದೆ, ಪಕ್ಕದಲ್ಲೊಂದು ಯಂತ್ರ ಸ್ವಲ್ಪ ಕಾಯಿ ಒಡೆದು ಕಾಳು ತೋರಿಸುತ್ತದೆ, ಇನ್ನೊಂದು ತೇವ ಅಳೆಯುತ್ತದೆ. ಎಲ್ಲ ಸೇರಿಸಿ ಕೃತಕ ಬುದ್ಧಿ ಒಂದು ಸಲಕ್ಕೆ ಬಂದ ಅಷ್ಟೂ ಚೀಲಕ್ಕೆ, ಅಂದರೆ ಒಂದು ಲಾಟಿಗೆ, ಒಂದು ಬಣ್ಣ ಹೇಳುತ್ತದೆ. ಹಸಿರು ಅಂದರೆ ಸರಿ, ಕೆಂಪು ಅಂದರೆ ವಾಪಸ್ಸು, ಹಳದಿ ಅಂದರೆ ಅನುಮಾನ, ಆದರೂ ತಗೋಬಹುದೋ ಬೇಡವೋ ಅಂತ ತನ್ನ ಅಂದಾಜು ಹೇಳುತ್ತದೆ. ಸುಮ್ಮನೆ ಬಣ್ಣ ತೋರಿಸಿ ಕೂರಲ್ಲ, ಮಾತೂ ಆಡುತ್ತದೆ. "ದಯವಿಟ್ಟು ಮುಂದಿನ ಲಾಟನ್ನು ಕಳುಹಿಸಿ" ಅಂತ ಅದು ಪುಸ್ತಕದ ಕನ್ನಡದಲ್ಲಿ ಅಂದ ದಿನವೇ ಹಮಾಲರು ಅದಕ್ಕೆ ಮೇಷ್ಟ್ರು ಅಂತ ಹೆಸರಿಟ್ಟರು.

ಅದನ್ನು ಕೂರಿಸೋಕೆ ಕಂಪನಿಯಿಂದ ಬಂದವಳು ಸೌಮ್ಯ ಅಂತ, ಇಂಜಿನಿಯರು. ಬುದ್ಧಿವಂತೆ. ಬಂದ ಮೊದಲ ದಿನವೇ ನನ್ನ ಎದುರು ಕೂತು ಕೇಳಿದಳು:

"ಮೇಡಂ, ಮೆಷಿನ್ನು ಯಾವುದನ್ನ ನೋಡಬೇಕು, ಪಾಲಯ್ಯನವರು ಯಾವುದನ್ನ ನೋಡಬೇಕು, ಇಬ್ಬರಿಗೂ ಜಗಳ ಬಂದರೆ ಯಾರ ಮಾತು ನಡೀಬೇಕು? ಇದನ್ನ ನೀವು ಹೇಳಬೇಕು. ನಮಗೆ ಶೇಂಗಾ ಗೊತ್ತಿಲ್ಲ."

ಇಂಥ ಪ್ರಶ್ನೆ ಯಾರಾದರೂ ಕೇಳಿದರೆ ನನಗೆ ಕೊಂಬು ಮೂಡುತ್ತದೆ. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಗೆ ಗೆರೆ ಎಳೆದೆ. ಎಲ್ಲ ಮಾಲೂ ಮೊದಲು ಮೇಷ್ಟ್ರಿಗೆ. ಹಸಿರು ನೇರ ಗಾಣಕ್ಕೆ. ಹಳದಿ ಮಾತ್ರ ಪಾಲಣ್ಣನಿಗೆ. ಅವನ ಮಂಡಿ ನೋವು ನನಗೆ ಗೊತ್ತಿತ್ತು. ದಿನಕ್ಕೆ ನೂರು ಚೀಲಕ್ಕೆ ಬಗ್ಗುವ ಬದಲು ಹತ್ತಕ್ಕೆ ಬಗ್ಗಲಿ ಅಂತ. ಒಳ್ಳೇ ಮನಸ್ಸಿನಿಂದಲೇ ಮಾಡಿದೆ, ಇವತ್ತಿಗೂ ಆಣೆ ಮಾಡಿ ಹೇಳ್ತೀನಿ. ಆದರೆ ಒಳ್ಳೇ ಮನಸ್ಸು ಹಿಡ್ಕೊಂಡು ಏನು ಮಾಡೋದು.

ಸೌಮ್ಯ ಹಾಳೆ ನೋಡಿ, "ಹಸಿರಿನಲ್ಲೂ ಒಂದಷ್ಟು ಅವರ ಕೈಗೆ ಕಳಿಸೋಣ್ವಾ ಮೇಡಂ? ಮೆಷಿನ್ನು ತಪ್ಪು ಮಾಡಿದ್ರೆ ಯಾರಿಗೆ ಗೊತ್ತಾಗಬೇಕು?" ಅಂದಳು.

"ಎರಡೆರಡು ಸಲ ನೋಡೋಕೆ ಮೆಷಿನ್ನು ಯಾಕಮ್ಮಾ ಬೇಕು?" ಅಂದೆ. ಅವಳು ಹಾಗೇ ಬರೆದುಕೊಂಡಳು.

ಪಾಲಣ್ಣನಿಗೂ ಹಾಳೆ ತೋರಿಸಿದೆ. ಕನ್ನಡಕ ಇಲ್ಲದೆ ಅವನಿಗೆ ಗೆರೆ ಕಾಣಲಿಲ್ಲ, ನಾನೇ ಓದಿ ಹೇಳಿದೆ. ತುಂಬ ಹೊತ್ತು ತಲೆ ಕೆರೆದುಕೊಂಡ.

"ಅಲ್ಲವ್ವಾ, ದಿನಾ ಒಳ್ಳೇ ಮಾಲು ಮುಟ್ಟಿದ್ರೇನೇ ಕೆಟ್ಟದ್ದು ಕೈಗೆ ಹತ್ತೋದು. ಬರೀ ಅನುಮಾನದ ಮಾಲೇ ಮೂಸ್ತಾ ಕುಂತ್ರೆ ಮೂಗು ಏನಾಗ್ಬೇಕು?"

"ಮೂಗಿಗೆ ರೆಸ್ಟ್ ಸಿಗ್ತೈತೆ ಬಿಡ್ರಿ ಪಾಲಣ್ಣ" ಅಂತ ನಕ್ಕೆ. ಅವನೂ ನಕ್ಕ. ನನ್ನ ಮಾತಿಗೆ ಎದುರಾಡಿದವನೇ ಅಲ್ಲ ಅವನು.

ಇನ್ನೂ ಎರಡು ಕೆಲಸ ಮಾಡಿದೆ, ಅವನ್ನೂ ಹೇಳಿಬಿಡಬೇಕು. ಕೊನೇ ಮಾತು ಮನುಷ್ಯನದೇ ಇರಬೇಕು ಅಂತ ಸೌಮ್ಯ ಹಟ ಹಿಡಿದಿದ್ದಳು. ಸರಿ, ದಿನದ ಕೊನೆಗೆ ಎಲ್ಲ ಲಾಟಿಗೂ ಸೇರಿಸಿ 'ಒಪ್ಪಿದೆ' ಅಂತ ಪಾಲಣ್ಣ ಪರದೆ ಮೇಲೆ ಬೆರಳೊತ್ತಲಿ ಅಂದೆ. ಹಸಿರು ಲಾಟನ್ನು ಅವನು ಕಣ್ಣಿಂದ ಕೂಡ ನೋಡಿರಲಿಲ್ಲ. ನೋಡದ ಮಾಲಿಗೆ ಅವನ ಬೆರಳು ಬೀಳುತ್ತಿತ್ತು. ಅದು ನನಗೆ ಆಗ ಹೊಳೆಯಲೇ ಇಲ್ಲ.

ಎರಡನೇದು, ಮೇಷ್ಟ್ರ ಮಾತಿಗೆ ಪಾಲಣ್ಣ ಬೇಡ ಅಂದರೆ ಕಾರಣ ಒತ್ತಬೇಕು. ಪಟ್ಟಿ ಬರೆದುಕೊಟ್ಟವಳು ನಾನು: ತೇವ, ಬಣ್ಣ, ಹುಳ, ಮಣ್ಣು, ಇತರೆ. ವಾಸನೆ ಅಂತ ಬರೆಯಲಿಲ್ಲ. ನಲವತ್ತು ವರ್ಷ ಆ ಮನುಷ್ಯ ಮೂಗಿನಿಂದ ಮಾಲು ನೋಡಿದ್ದನ್ನು ಕಂಡವಳು ನಾನು, ಪಟ್ಟಿಯಲ್ಲಿ ಮೂಗಿಗೆ ಜಾಗವೇ ಕೊಡಲಿಲ್ಲ! ಥೂ, ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ. 'ಇತರೆ' ಅಂತ ಒತ್ತಿದರೆ ಮೇಷ್ಟ್ರು ಬಿಡುತ್ತಿರಲಿಲ್ಲ. "ದಯವಿಟ್ಟು ಕಾರಣವನ್ನು ವಿವರಿಸಿ" ಅಂತ ಎಲ್ಲರ ಎದುರಿಗೆ ಗಟ್ಟಿಯಾಗಿ ಕೇಳುತ್ತಿತ್ತು. ಮಾಲು ತಂದ ರೈತ ಅಲ್ಲೇ ನಿಂತಿರುತ್ತಿದ್ದ. ಯಾವ ಮಾತನ್ನು ಜನರೆದುರು ಆಡಬಾರದು ಅಂತ ಪಾಲಣ್ಣ ಜೀವಮಾನವೆಲ್ಲ ಜೇಬಿಗೆ ಹಾಕಿಕೊಂಡು ನಡೆದನೋ, ಅದನ್ನೇ ಬಾಯಿ ಬಿಟ್ಟು ಹೇಳು ಅಂತಿತ್ತು. ಸಾಲದ್ದಕ್ಕೆ ಚಿಕ್ಕಪ್ಪ ಗೋಡೆಗೊಂದು ಟಿವಿ ಹಾಕಿಸಿ, ಮೇಷ್ಟ್ರಿಗೂ ಪಾಲಣ್ಣನಿಗೂ ದಿನಕ್ಕೆ ಎಷ್ಟು ಸಲ ಮಾತು ಕೂಡಿತು, ಎಷ್ಟು ಸಲ ಕೂಡಲಿಲ್ಲ ಅಂತ ತೋರಿಸೋ ಹಾಗೆ ಮಾಡಿಸಿದರು. ಕೂಡದ ದಿನ ಟಿವಿಯಲ್ಲಿ ಪಾಲಣ್ಣನ ಹೆಸರಿನ ಪಕ್ಕ ಕೆಂಪು ಚುಕ್ಕಿ.

"ಏನ್ ಪಾಲಣ್ಣ, ಇವತ್ತೂ ಮೇಷ್ಟ್ರ ತಾವ ಬೈಸ್ಕಂಡ್ರಾ?" ಅಂತ ಹಮಾಲರು ತಮಾಷೆ ಮಾಡುತ್ತಿದ್ದರು. ಅವನು "ಹೋಗ್ರಲೇ" ಅನ್ನುತ್ತಿದ್ದ. ಎರಡನೇ ವಾರಕ್ಕೆ ಕೆಂಪು ಚುಕ್ಕಿ ಕಮ್ಮಿಯಾದವು. ಮೂರನೇ ವಾರಕ್ಕೆ ಇಲ್ಲವೇ ಇಲ್ಲ. ನೋಡು, ಇಬ್ಬರೂ ಎಷ್ಟು ಚೆನ್ನಾಗಿ ಹೊಂದಿಕೊಂಡರು ಅಂತ ನಾನು ಸೌಮ್ಯಳಿಗೆ ಫೋನು ಮಾಡಿ ಹೇಳಿದೆ. ಅವಳು ಖುಷಿ ಪಡಲಿಲ್ಲ. "ಒಂದೂ ಜಗಳ ಇಲ್ವಾ ಮೇಡಂ? ಒಂದೂ?" ಅಂದಳು. ಎಂಥ ಕೊಂಕು ಬುದ್ಧಿ ಅಂದುಕೊಂಡು ಫೋನಿಟ್ಟೆ.

ಅಷ್ಟರಲ್ಲಿ ಮಳೆ ಬಂತು. ನಮ್ಮ ಕಡೆ ಬರಬೇಕಾದಾಗ ಬರದೆ, ಬರಬಾರದಾಗ ಬರೋದು ಅದರ ಚಾಳಿ. ಶೇಂಗಾ ಕಿತ್ತು ಹೊಲದಲ್ಲಿ ಹರವಿದ್ದರು. ಐದು ದಿನ ಬಿಡದೆ ಹುಯ್ದಿತು. ಬಿ.ಜಿ. ಕೆರೆ ಕಡೆಯ ಕೆಂಪು ಮಣ್ಣೆಲ್ಲ ಕೆಸರು. ಆಮೇಲೆ ಅಷ್ಟೇ ಗಟ್ಟಿ ಬಿಸಿಲು ಬಿತ್ತು. ಜನ ಡಾಂಬರು ರಸ್ತೆಯ ಮೇಲೆಲ್ಲ ಕಾಯಿ ಹರವಿ ಒಣಗಿಸಿದರು. ಬಸ್ಸುಗಳು ಒಂದು ಮಗ್ಗುಲಲ್ಲಿ ಹರಿದಾಡುತ್ತಿದ್ದವು. ಒಣಗಿದ ಮೇಲೆ ಆ ಕಾಯಿ ತೊಳೆದ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಮಣ್ಣಿಲ್ಲ, ತೇವ ಇಲ್ಲ. ಮೇಷ್ಟ್ರಿಗೆ ಅಂಥ ಚೆಂದದ ಮಾಲು ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ. ಲಾಟಿನ ಮೇಲೆ ಲಾಟು ಹಸಿರು.

ಆ ದಿನ ನನಗೆ ಸರಿಯಾಗಿ ನೆನಪಿದೆ. ಇನ್ನೊಂದು ಊರಿನ ಮಿಲ್ಲಿನವರು ನಮ್ಮ ಮೇಷ್ಟ್ರನ್ನು ನೋಡೋಕೆ ಬಂದಿದ್ದರು. ಚಿಕ್ಕಪ್ಪ ಅವರನ್ನು ಗೋಡೆಯ ಟಿವಿ ಮುಂದೆ ನಿಲ್ಲಿಸಿ, "ಎರಡು ವಾರದಾಗೆ ಒಂದು ಕೆಂಪು ಚುಕ್ಕಿ ತೋರ್ಸಿಬಿಡ್ರಿ ನೋಡಾಣ" ಅನ್ನುತ್ತಿದ್ದರು. ನಾನು ಕಾಫಿ ತರಿಸುತ್ತಿದ್ದೆ. ಪಾಲಣ್ಣ ಆಫೀಸಿನ ಬಾಗಿಲಿಗೆ ಬಂದು ನಿಂತ. ಮೇಜಿನ ಹತ್ತಿರ ಬಂದ. ಜೇಬಿಗೆ ಕೈ ಹಾಕಿ ಮೂರು ಕಾಯಿ ತೆಗೆದು ನನ್ನ ಮುಂದಿಟ್ಟ.

ಅಪ್ಪ ಹೋದ ಮೇಲೆ ಆ ಮೇಜಿನ ಮೇಲೆ ಕಾಯಿ ಬಿದ್ದದ್ದು ಅದೇ ಮೊದಲು.

"ಯಾವ ಲಾಟು?" ಅಂದೆ.

"ಈಗ ಹೋತಲ್ಲವ್ವಾ, ಬಿ.ಜಿ. ಕೆರೆದು."

"ಅದು ಹಸಿರು. ನಿಮ್ಮ ಕೈಗೇ ಬಂದಿಲ್ಲವಲ್ಲ."

"ಪಕ್ಕದಾಗೆ ಹೋಗ್ತಿದ್ದೆ. ಸುಮ್ನೆ ಒಂದು ಹಿಡಿ ಎತ್ತಿದೆ. ವಾಸನೆ ಐತವ್ವಾ. ಮುಗ್ಗಲು."

ಒಂದು ಕಾಯಿ ಒಡೆದು ಮೂಸಿದೆ. ನನಗೆ ಕಾಫಿ ವಾಸನೆ ಬಿಟ್ಟು ಇನ್ನೇನೂ ಬರಲಿಲ್ಲ. ಚಿಕ್ಕಪ್ಪ ಕಣ್ಣಿನಲ್ಲೇ ಏನು ಅಂತ ಕೇಳಿದರು. ಬಂದವರು ನನ್ನನ್ನೇ ನೋಡುತ್ತಿದ್ದರು. ನನಗೆ ರೇಗಿತು. ಯಾರ ಮೇಲೆ ಅಂತ ಕೇಳಬೇಡಿ.

"ಖಾತ್ರಿ ಐತಾ ಪಾಲಣ್ಣ? ಖಾತ್ರಿ ಇದ್ರೆ ಗಾಣ ನಿಲ್ಲಿಸ್ತೀನಿ. ಹೋಗಿ ಪರದೆ ಮೇಲೆ ಕಾರಣ ಒತ್ರಿ."

"ಕಾರಣ..." ಅಂದ. "ಆ ಪಟ್ಟಿಯಾಗೆ ಇದು ಇಲ್ಲವ್ವಾ."

"ಖಾತ್ರಿ ಐತಾ ಇಲ್ವಾ?"

ಅವನು ಮೇಜಿನ ಮೇಲಿದ್ದ ಇನ್ನೊಂದು ಕಾಯಿ ಒಡೆದ. ಮೂಗಿಗೆ ಹಿಡಿದ. ಮತ್ತೊಮ್ಮೆ ಹಿಡಿದ. ಅವನ ಮುಖದ ಮೇಲೆ ಆಗ ಬಂದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅದು ಹೆದರಿಕೆ.

"ಮುಂಚಿನಂಗೆ ಮೂಗಿಗೆ ಹತ್ತವಲ್ದು ಕಣವ್ವಾ. ಬರೀ ಅನುಮಾನದ್ದೇ ಮೂಸಿ ಮೂಸಿ, ಎಲ್ಲಾದ್ರಾಗೂ ಮುಗ್ಗಲು ಬಂದಂಗೆ ಆಗ್ತೈತೆ. ಆದ್ರೂ..."

"ಆದ್ರೂ ಗೀದ್ರೂ ಬಿಡು. ಮೇಷ್ಟ್ರು ಸರಿ ಅಂದೈತೆ. ಹೋಗಿ ಒಪ್ಪಿಗೆ ಒತ್ತು."

'ಬಿಡ್ರಿ' ಅನ್ನಲಿಲ್ಲ, 'ಒತ್ರಿ' ಅನ್ನಲಿಲ್ಲ. ಬೇರೆ ಊರಿನವರ ಎದುರಿಗೆ, ನನ್ನನ್ನು ಎತ್ತಿ ಆಡಿಸಿದ ಮನುಷ್ಯನಿಗೆ. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೋಗಿ ಒತ್ತಿದ. ನಾನು ಮೇಜಿನ ಮೇಲೆ ಉಳಿದ ಒಂದು ಕಾಯಿ, ಒಡೆದ ಎರಡರ ಸಿಪ್ಪೆ ಕಾಳು ಎಲ್ಲ ಬಾಚಿ ಡ್ರಾಯರಿಗೆ ಹಾಕಿದೆ. ಎಸೆಯೋಕೆ ಯಾಕೋ ಕೈ ಬರಲಿಲ್ಲ. ಆ ದಿನದಿಂದಾಚೆಗೆ ಪಾಲಣ್ಣ ನನ್ನ ಮೇಜಿನ ಹತ್ತಿರ ಬರಲಿಲ್ಲ. ಮಳೆಯಲ್ಲಿ ನೆನೆದ ಮಾಲು ಇನ್ನೂ ಹದಿನೈದು ದಿನ ಬಂತು, ಹಸಿರಾಗಿ ಹೋಯಿತು, ಸಂಜೆಗೆ ಅವನ ಬೆರಳು ಬಿತ್ತು.

ನಮ್ಮ ಮಿಲ್ಲಿನಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ. ಹಬ್ಬದ ವಾರದ ಹಿಂಡಿ ಮೊದಲು ಮಾರೋದಿಲ್ಲ. ದೀಪಾವಳಿ ಪಾಡ್ಯಕ್ಕೆ ದನಗಳ ಮುಂದೆ ಇಡಲಿ ಅಂತ ಕೆಲಸದವರಿಗೆಲ್ಲ ತಲಾ ಒಂದು ಚೀಲ. ಪಾಲಣ್ಣ ತನ್ನ ಚೀಲವನ್ನು ಬಿ.ಜಿ. ಕೆರೆಯ ಮಗಳ ಮನೆಗೆ ಕಳಿಸುತ್ತಿದ್ದ. ತಿಪ್ಪಮ್ಮನಿಗೆ ಗಂಡನಿಲ್ಲ; ಎರಡು ಎಮ್ಮೆ, ಒಂದು ಕರು. ಬೆಳಿಗ್ಗೆ ಅರ್ಧ ಓಣಿಗೆ ಅವಳ ಮನೆ ಹಾಲೇ. ಆ ವರ್ಷ ನಾನೇ ನನ್ನ ಕೈಯಾರೆ ಚೀಲ ಆಟೋಕ್ಕೆ ಹಾಕಿಸಿದೆ. "ಎಮ್ಮೆಗೆ ಹೊಟ್ಟೆ ತುಂಬ ಹಾಕಕ್ಕೆ ಹೇಳ್ರಿ ಪಾಲಣ್ಣ" ಅಂದೆ. ಹೇಳ್ತೀನಿ ಅಂತ ತಲೆ ಆಡಿಸಿದ.

ಮೊದಲು ಕರು ಹೋಯಿತು. ಮೇವು ಮುಟ್ಟದೆ ಎರಡು ದಿನ ಮಲಗಿ ಹೋಯಿತು. ಹಾಲು ಇಂಗಿದ ಮೇಲೆ ದೊಡ್ಡ ಎಮ್ಮೆಯ ಕಣ್ಣು ಹಳದಿಯಾಯಿತಂತೆ. ತಿಪ್ಪಮ್ಮ ಅದಕ್ಕೆ ಸುಸ್ತು ಅಂದುಕೊಂಡು ಇನ್ನೂ ಒಂದು ಹಿಡಿ ಹಿಂಡಿ ಜಾಸ್ತಿ ನೆನೆಸಿದಳು. ಪಶು ಡಾಕ್ಟರು ಬಂದು ಬಕೆಟ್ಟಿಗೆ ಕೈ ಹಾಕಿ ನೋಡಿ, ಹಿಂಡಿ ನಿಲ್ಲಿಸಿ ಅನ್ನುವ ಹೊತ್ತಿಗೆ ಎರಡನೇದೂ ನೆಲ ಹಿಡಿದಿತ್ತು. ಓಣಿಯಲ್ಲಿ ನಮ್ಮ ಹಿಂಡಿ ಕೊಂಡಿದ್ದ ಇನ್ನೂ ನಾಲ್ಕು ಮನೆಯ ದನ ಬಿದ್ದವು. ಬೂಷ್ಟಿನ ವಿಷ, ಹಿಂಡಿಯೊಳಗೆ ಇಳಿದಿದೆ ಅಂತ ಡಾಕ್ಟರು ಬರೆದುಕೊಟ್ಟರು.

ಒಂದು ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ಅಷ್ಟೂ ಜನ ಮಿಲ್ಲಿನ ಅಂಗಳಕ್ಕೆ ಬಂದರು. ಉಳಿದ ಹಿಂಡಿ ತಂದು ನಮ್ಮ ಬಾಗಿಲಿಗೆ ಸುರಿದರು. ಈಗ ನನಗೂ ಆ ವಾಸನೆ ಬಂತು. ಚೆನ್ನಾಗಿಯೇ ಬಂತು. ಚಿಕ್ಕಪ್ಪ ಅವರನ್ನೆಲ್ಲ ಗೋಡೆಯ ಟಿವಿ ಮುಂದೆ ಕರೆದರು. "ನಮ್ಮ ತಾವ ಎಲ್ಲದಕ್ಕೂ ದಾಖಲೆ ಐತೆ" ಅಂತ ಲಾಟುಗಳನ್ನು ಒಂದೊಂದಾಗಿ ತೆಗೆಸಿದರು. ಮೇಷ್ಟ್ರು ಪುಸ್ತಕದ ಕನ್ನಡದಲ್ಲಿ ಓದಿತು: "ಯಂತ್ರದ ಶಿಫಾರಸು, ಹಸಿರು. ಅಂತಿಮ ನಿರ್ಧಾರ, ಪಾಲಯ್ಯ. ಒಪ್ಪಿದೆ." ಮುಂದಿನದೂ ಹಾಗೇ. ಅದರ ಮುಂದಿನದೂ.

ತಿಪ್ಪಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ನೀನೇ ಒತ್ತಿದ್ಯೇನಪ್ಪಾ?"

"ಹೂಂ" ಅಂದ ಪಾಲಣ್ಣ. "ಒತ್ತಿದ್ದೆ."

"ಮೂಸಿ ನೋಡ್ಲಿಲ್ವಾ? ನೀನು? ಮೂಸಿ ನೋಡ್ಲಿಲ್ವಾ?"

ಅವನು ಒಂದು ಸಲ, ಒಂದೇ ಸಲ, ನನ್ನ ಕಡೆ ನೋಡಿದ. ನಾನು ಆಫೀಸಿನ ಬಾಗಿಲಲ್ಲಿ ನಿಂತಿದ್ದೆ. ಡ್ರಾಯರು ನನ್ನಿಂದ ನಾಲ್ಕು ಹೆಜ್ಜೆ. ಅದನ್ನು ಎಳೆದು ಆ ಕಾಯಿ ಎತ್ತಿ ಹಿಡಿದು, ಇವನು ಹೇಳಿದ್ದ, ನಾನು ಕೇಳಲಿಲ್ಲ ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ಮಿಲ್ಲಿನ ಹೆಸರು, ಚಿಕ್ಕಪ್ಪನ ಕಣ್ಣು, ಅಂಗಳದ ತುಂಬ ಸಿಟ್ಟಾದ ಜನ. ಹೇಳಲಿಲ್ಲ. ಅವನೂ ಹೇಳಲಿಲ್ಲ. ನನ್ನನ್ನು ಹತ್ತು ಜನರೆದುರು ತಪ್ಪಿಗೆ ಹಿಡಿಯೋದು ಅವನ ಪದ್ಧತಿಯಲ್ಲ.

ಚಿಕ್ಕಪ್ಪ ಎಲ್ಲರನ್ನೂ ಕೂರಿಸಿ ಏನೋ ಕೊಟ್ಟು ಸಮಾಧಾನ ಮಾಡಿ ಕಳಿಸಿದರು. ಉಳಿದ ಹಿಂಡಿಯನ್ನು ಗುಂಡಿ ತೋಡಿ ಹೂತೆವು. ಪಾಲಣ್ಣ ಮಧ್ಯಾಹ್ನದವರೆಗೆ ಗೋದಾಮಿನ ಮೂಲೆಯಲ್ಲಿ ಕೂತಿದ್ದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಹೋಗಿ ಬರ್ತೀನಿ ಅಂತ ಕೂಡ ಅನ್ನಲಿಲ್ಲ. ಆಮೇಲೆ ಹಿಂಡಿ ಕೊಳ್ಳೋಕೆ ಬಂದವರು ಅವನ ಹೆಸರು ಎತ್ತುತ್ತಿದ್ದರು, ಉಲ್ಟಾ. "ಆ ಮುದುಕ ಈಗಿಲ್ಲ ತಾನೇ?" ಅಂತ ಕೇಳಿ ತೊಗೊಳ್ಳುತ್ತಿದ್ದರು. ನಾನು ಇಲ್ಲ ಅಂತ ಹೇಳಿ ಚೀಲ ತೂಗಿಸುತ್ತಿದ್ದೆ. ಹೌದು, ನಾನೇ.

ಎರಡು ವರ್ಷದಲ್ಲಿ ಎಲ್ಲ ಬದಲಾಯಿಸಿದೆ. ಗೋಡೆಯ ಟಿವಿ ಕೀಳಿಸಿದೆ. ಚಿಕ್ಕಪ್ಪ ಒಂದು ತಿಂಗಳು ಮಾತು ಬಿಟ್ಟರು. ಸೌಮ್ಯಳನ್ನು ಕರೆಸಿ, ಅವಳ ಎದುರು ಅತ್ತು, ಮೊದಲಿಂದ ಕೂತು ಬರೆದೆ. ಮೊದಲು ಮನುಷ್ಯ ನೋಡಿ ತನ್ನ ಮಾತು ಹೇಳಬೇಕು, ಅದು ಆದ ಮೇಲೇ ಮೇಷ್ಟ್ರು ಬಾಯಿ ಬಿಡಬೇಕು. ಮನುಷ್ಯ ಬೇಡ ಅಂದರೆ ಗಾಣ ನಿಲ್ಲಬೇಕು, ಕಾರಣ ಆಮೇಲೆ, ಅದೂ ಒಳಗೆ, ಗುಟ್ಟಾಗಿ. ಸೌಮ್ಯ ಹಾಳೆ ಮಡಚಿ, "ಈಗ ಸರಿ ಇದೆ ಮೇಡಂ. ನೋಡೋರು ಯಾರು?" ಅಂದಳು. ಹೊಸದಾಗಿ ಇಬ್ಬರು ಬಂದಿದ್ದರು. ಅವರ ಮೂಗಿಗೆ ಶೇಂಗಾ ಯಾವುದು, ಚೀಲ ಯಾವುದು ಅಂತ ಗೊತ್ತಿರಲಿಲ್ಲ. ಕಲಿಸೋಕೆ ಒಬ್ಬನೇ ಇದ್ದ, ಮಗಳ ಮನೆಯಲ್ಲಿ. ಅದಕ್ಕೇ ಹೋದ ವಾರ ಬಿ.ಜಿ. ಕೆರೆಯ ಬಸ್ಸು ಹತ್ತಿದ್ದು. ಅದಕ್ಕೂ, ಇನ್ನೊಂದಕ್ಕೂ.

ಜಗಲಿಯಿಂದ ಎದ್ದು ತಿಪ್ಪಮ್ಮನ ಮನೆ ಹುಡುಕಿಕೊಂಡು ಹೋದೆ. ಕೊಟ್ಟಿಗೆಯಲ್ಲಿ ಸೌದೆ ಒಟ್ಟಿದ್ದರು. ಪಾಲಣ್ಣ ಬಾಗಿಲ ಪಕ್ಕ ಗೋಡೆಗೊರಗಿ ಕೂತಿದ್ದ, ಮೈ ಇಳಿದುಹೋಗಿತ್ತು. ನನ್ನನ್ನು ನೋಡಿ ಏಳೋಕೆ ಹೋದ.

"ಏಳಬ್ಯಾಡ್ರಿ ಪಾಲಣ್ಣ."

ತಿಪ್ಪಮ್ಮ ಒಳಗಿಂದ ಬಂದು ಚಾಪೆ ಹಾಸಿದಳು. ನಾನು ಕೂರಲಿಲ್ಲ. ನಿಂತೇ ಹೇಳಿದೆ, ಇಲ್ಲದಿದ್ದರೆ ಮತ್ತೆ ಹೇಳುತ್ತಿರಲಿಲ್ಲ. ಆ ದಿನ ನಿಮ್ಮಪ್ಪ ಮೂಸಿ ನೋಡಿದ್ದ. ಮೂರು ಕಾಯಿ ತಂದು ನನ್ನ ಮೇಜಿನ ಮೇಲಿಟ್ಟಿದ್ದ. ಒತ್ತು ಅಂತ ಬೈದು ಕಳಿಸಿದವಳು ನಾನು. ಅಂಗಳದಲ್ಲಿ ಬಾಯಿ ಮುಚ್ಚಿಕೊಂಡು ನಿಂತವಳೂ ನಾನು.

ತಿಪ್ಪಮ್ಮ ನನ್ನ ಮುಖ ನೋಡಲಿಲ್ಲ, ಅವಳಪ್ಪನ ಮುಖ ನೋಡಿದಳು.

"ಹೌದೇನಪ್ಪಾ?"

ಅವನು ಟವೆಲ್ಲು ತೆಗೆದು ಮುಖ ಒರೆಸಿಕೊಂಡ.

"ಎರಡು ವರ್ಷ..." ಅಂದಳು. "ಎರಡು ವರ್ಷದಿಂದ ಉಣ್ಣಾಕೆ ಇಕ್ಕೋವಾಗೆಲ್ಲ ಅಂದಿದೀನಿ. ನಿನ್ನ ಮೂಗು ಸತ್ತೈತೆ, ನೀನೇ ನನ್ನ ಎಮ್ಮೆ ಕೊಂದೋನು ಅಂತ ಓಣಿ ತುಂಬ ಅಂದಿದೀನಿ. ಒಂದು ಮಾತು ಹೇಳಬಾರ್ದಿತ್ತೇನಪ್ಪಾ?" ಆಮೇಲೆ ನನ್ನ ಕಡೆ ತಿರುಗಿದಳು. "ಕೂತ್ಕಳ್ರಿ ಅಂತ ಇನ್ನ ಹೇಳಕಿಲ್ಲ ನಾನು ನಿಮಗೆ." ಚಾಪೆ ಸುತ್ತಿಕೊಂಡು ಒಳಗೆ ಹೋದಳು. ಒಳಗೆ ಅವಳು ಅಳೋದು ಕೇಳುತ್ತಿತ್ತು. ಅದು ನನಗೆ ಸಲ್ಲಬೇಕಾದದ್ದೇ.

ನಾನು ನೆಲದ ಮೇಲೆ ಪಾಲಣ್ಣನ ಎದುರಿಗೆ ಕೂತೆ. ಚೀಲದಿಂದ ಗಂಟು ತೆಗೆದು ಬಿಚ್ಚಿ ಒಂದು ಹಿಡಿ ಕಾಯಿ ಅವನ ಮುಂದೆ ಸುರಿದೆ. ಈ ಸುಗ್ಗಿಯ ಮೊದಲ ಮಾಲು.

"ಮಿಲ್ಲಿಗೆ ಬರ್ರಿ ಪಾಲಣ್ಣ. ಹೊಸಬರಿಗೆ ಕಲಿಸ್ರಿ. ಕಾರಣ ಯಾರೂ ಕೇಳಲ್ಲ. ಮೂರು ಕಾಯಿ ಇಟ್ರೆ ಮುಗೀತು. ಇದನ್ನೊಂದು ನೋಡ್ರಿ."

ಅವನ ಕೈಗೆ ಎಲ್ಲ ನೆನಪಿತ್ತು. ಹಿಡಿ ತುಂಬ ಎತ್ತಿಕೊಂಡ. ಕಿವಿ ಹತ್ತಿರ ಒಯ್ದು ಅಲ್ಲಾಡಿಸಿದ, ಗಲಗಲ ಅಂದಿತು. ಒಂದು ಕಾಯಿ ಹೆಬ್ಬೆರಳಲ್ಲಿ ಒತ್ತಿ ಒಡೆದ. ಮೂಗಿನವರೆಗೂ ತಂದ. ಅಲ್ಲೇ ನಿಲ್ಲಿಸಿದ.

"ಮೇಷ್ಟ್ರು ಏನಂತು?"

"ಮೇಷ್ಟ್ರಿಗೆ ತೋರ್ಸಿಲ್ಲ. ಈಗ ನೀವೇ ಮೊದಲು."

ಅವನು ಕೈ ಇಳಿಸಿದ. ಒಡೆದ ಕಾಯಿಯನ್ನು ಮೂಸದೆ, ಉಳಿದವುಗಳ ಜೊತೆ ಮೆಲ್ಲಗೆ ನೆಲದ ಮೇಲಿಟ್ಟು, ನನ್ನ ಕಡೆಗೆ ಸರಿಸಿದ.

"ತೋರ್ಸಿಕಂಡು ಬಾರವ್ವಾ. ಅದು ಏನಂತೈತೆ ಕೇಳಿಕಂಡು ಬಾ. ಆಮ್ಯಾಲೆ ನಾನು ನೋಡ್ತೀನಿ."